ಗಳಿಗೆ ಬಟ್ಟಲೂ ಭಾಷಣವೂ

ನಮ್ಮ ನಾಡಿನಲ್ಲಿ ಮಳೆ ಬಾರದ ವರ್ಷಗಳುಂಟು. ಸಭೆ ನಡೆಯದ ವರ್ಷವೆಂಬುದಿಲ್ಲ. ಶಾಲೆಯ ವಾರ್ಷಿಕೋತ್ಸವ, ಗಣೇಶೋತ್ಸವ, ರಾಜ್ಯೋತ್ಸವ, ಪುಸ್ತಕದ ಬಿಡುಗಡೆ, ಸನ್ಮಾನ, ಶ್ರದ್ಧಾಂಜಲಿ, ಸಹಕಾರ ಸಂಘದ ಮಹಾಸಭೆ, ಈಚೀಚೆಗೆ ಮದುವೆಯ ಆರತಕ್ಷತೆ ಕೂಡ, ಹೀಗೆ ಎಲ್ಲಿ ಹತ್ತು ಕುರ್ಚಿಗಳೂ ಒಂದು ಧ್ವನಿವರ್ಧಕವೂ ಒಂದೆಡೆ ಕೂಡಿದುವೋ ಅಲ್ಲಿ ಭಾಷಣವು ಹುಟ್ಟಿತೆಂದೇ ತಿಳಿಯಬೇಕು. ನಾವು ಮೂವತ್ತೆರಡು ವರ್ಷಗಳ ಕಾಲ ಉಪಾಧ್ಯಾಯ ವೃತ್ತಿಯಲ್ಲಿದ್ದು ಈಗ ವಿಶ್ರಾಂತಿ ಹೊಂದಿರುವವರು. ಈ ಅವಧಿಯಲ್ಲಿ ನಾವು ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಮಾಡಿದ ಭಾಷಣಗಳಿಗೆ ಲೆಕ್ಕವಿದ್ದರೂ ಹೇಳಲು ಸಂಕೋಚವಾಗುತ್ತದೆ. ವಾಚಕರೆಲ್ಲರೂ, ಅದರಲ್ಲಿಯೂ ನಿದ್ದೆಗಣ್ಣಿನ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರು, ಚೆನ್ನಾಗಿ ಬಲ್ಲ ಒಂದು ವಾಕ್ಯವುಂಟು: "ಸಮಯದ ಅಭಾವವಿರುವುದರಿಂದ ನಾನು ಹೆಚ್ಚು ಮಾತನಾಡಲು ಇಚ್ಛಿಸುವುದಿಲ್ಲ." ಈ ವಾಕ್ಯವು ಕಿವಿಗೆ ಬಿದ್ದೊಡನೆ ಅನುಭವಸ್ಥರಾದ ಸಭಿಕರು ಚಪ್ಪಲಿಯನ್ನು ಕಳಚಿ ಕಾಲುಗಳನ್ನು ಮೇಲೆ ಮಡಚಿಕೊಂಡು ಕುಳಿತುಕೊಳ್ಳುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಈ ವ್ಯಾಧಿಯು ನಮ್ಮ ಕಾಲದಲ್ಲಿಯೇ ಹುಟ್ಟಿತೆಂದು ಯಾರೂ ಭಾವಿಸಬೇಕಾಗಿಲ್ಲ. ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಗ್ರೀಸ್ ದೇಶದ ಆಥೆನ್ಸ್ ಪಟ್ಟಣದವರು ಇದಕ್ಕೆ ಔಷಧವನ್ನು ಹುಡುಕಿದ್ದರು. ಅಲ್ಲಿನ ನ್ಯಾಯಸ್ಥಾನಗಳಲ್ಲಿ ವಾದಿಯೂ ಪ್ರತಿವಾದಿಯೂ ತಾವೇ ಎದ್ದು ನಿಂತು ಮಾತನಾಡಬೇಕು. ಅವರ ಪಕ್ಕದಲ್ಲಿ ತಳದ ಹತ್ತಿರ ಸಣ್ಣ ಕೊಳವೆಯಿದ್ದ ಒಂದು ಮಣ್ಣಿನ ಪಾತ್ರೆಯನ್ನು ನೀರು ತುಂಬಿ ಇಡುತ್ತಿದ್ದರು. ಮಾತು ಆರಂಭವಾದೊಡನೆ ಕೊಳವೆಯ ಬಿರಡೆಯನ್ನು ತೆಗೆಯುವರು; ನೀರು ಕೆಳಗಿನ ಪಾತ್ರೆಗೆ ಸುರಿಯುವುದು; ನೀರು ಮುಗಿದರೆ ಮಾತೂ ಮುಗಿಯತಕ್ಕದ್ದು. ವ್ಯಾಜ್ಯದ ಮೊತ್ತವು ಹೆಚ್ಚಿದ್ದರೆ ನೀರೂ ಹೆಚ್ಚು, ಕಡಿಮೆಯಿದ್ದರೆ ನೀರೂ ಕಡಿಮೆ. ನಡುವೆ ಸಾಕ್ಷಿಯ ಹೇಳಿಕೆಯನ್ನೋ ಶಾಸನವನ್ನೋ ಓದಬೇಕಾಗಿ ಬಂದರೆ ಆ ಹೊತ್ತು ಕೊಳವೆಯನ್ನು ಮುಚ್ಚಿ ನೀರನ್ನು ತಡೆಯುತ್ತಿದ್ದರು. ಎಷ್ಟು ನ್ಯಾಯವಾದ ಏರ್ಪಾಡು! ಅಂತಹ ಪಾತ್ರೆಯೊಂದು ಆಥೆನ್ಸಿನ ಹಳೆಯ ಪೇಟೆಯ ಉತ್ಖನನದಲ್ಲಿ ದೊರೆತಿದ್ದು, ಅದರ ನೀರು ಬರಿದಾಗಲು ಸುಮಾರು 6 ನಿಮಿಷಗಳು ಹಿಡಿಯುತ್ತವೆಂದು ವಿದ್ವಾಂಸರು ಅಳೆದಿದ್ದಾರೆ.

ರೋಮಿನವರೂ ಇದೇ ಜಲಯಂತ್ರವನ್ನು ಬಳಸಿದರು. ಆದರೆ ಅಲ್ಲಿ ದಾಕ್ಷಿಣ್ಯವು ಸ್ವಲ್ಪ ಹೆಚ್ಚಿತ್ತೆಂದು ತೋರುತ್ತದೆ. ಕ್ರಿ. ಶ. 100ರಲ್ಲಿ ಚಕ್ರವರ್ತಿ ಟ್ರಾಜನನ ಎದುರಿನಲ್ಲಿ ನಡೆದ ಒಂದು ವಿಚಾರಣೆಯಲ್ಲಿ ಕಿರಿಯ ಪ್ಲಿನಿ ಎಂಬ ವಕೀಲನಿಗೆ ಹನ್ನೆರಡು ಪಾತ್ರೆಗಳ ಕಾಲವನ್ನು ಕೊಟ್ಟಿದ್ದರು. ಮೇಲೆ ನಾಲ್ಕು ಪಾತ್ರೆಗಳನ್ನು ಸೇರಿಸಿದರು. ಆತನು ಹತ್ತಿರ ಹತ್ತಿರ ಐದು ಗಂಟೆಗಳ ಕಾಲ ಮಾತನಾಡಿದನು. ಚಕ್ರವರ್ತಿಯು ತನ್ನ ಸೇವಕನ ಮೂಲಕ, ಗಂಟಲನ್ನೂ ಎದೆಯನ್ನೂ ಸ್ವಲ್ಪ ಜೋಪಾನ ಮಾಡಿಕೊಳ್ಳಬಾರದೆ ಎಂದು ಹಲವು ಬಾರಿ ಹೇಳಿಕಳುಹಿದನಂತೆ. ಪ್ಲಿನಿಯು ಇದನ್ನು ತನ್ನ ಮೇಲಣ ರಾಜವಾತ್ಸಲ್ಯವೆಂದು ಹೆಮ್ಮೆಯಿಂದ ಗೆಳೆಯನಿಗೆ ಬರೆದಿದ್ದಾನೆ. ನಮಗೇನೋ ಅದರಲ್ಲಿ ಬೇರೊಂದು ಧ್ವನಿಯೂ ಕೇಳಿಸುತ್ತದೆ.

ನಮ್ಮ ದೇಶದಲ್ಲಿ ಗಳಿಗೆ ಬಟ್ಟಲು ಇತ್ತಷ್ಟೆ. ಸೂರ್ಯಸಿದ್ಧಾಂತವು ಅದನ್ನು ವರ್ಣಿಸಿದೆ. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ಮೆಲ್ಲಮೆಲ್ಲನೆ ತುಂಬಿ ಮುಳುಗುವುದು. ಹಗಲಿರುಳು ಸೇರಿ ಅರವತ್ತು ಬಾರಿ ಮುಳುಗುವುದು. ಒಂದು ಮುಳುಗೆಂದರೆ ಒಂದು ಗಳಿಗೆ, ಇಂದಿನ ಲೆಕ್ಕದಲ್ಲಿ 24 ನಿಮಿಷ. ಹಿಂದಿನವರು ಇದನ್ನು ನೋಡಿಯೇ ಮದುವೆಯ ಮುಹೂರ್ತವನ್ನು ನಿಶ್ಚಯಿಸುತ್ತಿದ್ದರು. ಭಾಸ್ಕರಾಚಾರ್ಯರ ಲೀಲಾವತಿಯನ್ನು 1587ರಲ್ಲಿ ಪಾರಸಿ ಭಾಷೆಗೆ ತಂದ ಫೈಜಿಯು ಒಂದು ಐತಿಹ್ಯವನ್ನು ಹೇಳಿದ್ದಾನೆ. ಆಚಾರ್ಯರ ಮಗಳು ಲೀಲಾವತಿಯು ಮದುವೆಯ ದಿನ ಕುತೂಹಲದಿಂದ ಗಳಿಗೆ ಬಟ್ಟಲಿನೊಳಗೆ ಬಗ್ಗಿ ನೋಡಿದಾಗ ಅವಳ ಉಡುಪಿನ ಮುತ್ತೊಂದು ಜಾರಿ ರಂಧ್ರಕ್ಕೆ ಅಡ್ಡವಾಯಿತಂತೆ. ಬಟ್ಟಲು ಮುಳುಗಲಿಲ್ಲ, ಮುಹೂರ್ತವು ಕಳೆದುಹೋಯಿತು. ಕಥೆಯು ನಿಜವಿರಲಿ ಬಿಡಲಿ, ವೇದಿಕೆಯ ಮೇಲೆ ಕುಳಿತಾಗಲೆಲ್ಲ ಅದು ನಮ್ಮ ನೆನಪಿಗೆ ಬರುತ್ತದೆ. ಯಾಕಂದರೆ ಭಾಷಣಕಾರನು ಉದುರಿಸುವುದೂ ಮುತ್ತುಗಳನ್ನೇ, ಕಡೆಯ ಪಕ್ಷ ಅವನ ಭಾವನೆಯಲ್ಲಿ. ಅವೇ ಹೋಗಿ ರಂಧ್ರವನ್ನು ಮುಚ್ಚುವುದು.

ಸಂಸ್ಕೃತವನ್ನು ಓದಿದವರಿಗೆ ಈ ವಿಷಯದಲ್ಲಿ ಹೊಣೆಯು ಒಂದು ತೂಕ ಹೆಚ್ಚೆಂದೇ ಹೇಳಬೇಕು. ವೈಯಾಕರಣರು ಅರ್ಧ ಮಾತ್ರೆಯನ್ನು ಉಳಿಸಿದರೆ ಮನೆಯಲ್ಲಿ ಗಂಡುಮಗು ಹುಟ್ಟಿದಷ್ಟು ಸಂತೋಷಪಡುವರೆಂಬ ಮಾತು ನಮ್ಮ ಪಾಠಶಾಲೆಗಳಲ್ಲಿ ಪ್ರಸಿದ್ಧವಾದುದು. ಪಾಣಿನಿಯು ಒಂದು ಭಾಷೆಯ ವ್ಯಾಕರಣವನ್ನೆಲ್ಲ ಸುಮಾರು 4000 ಸೂತ್ರಗಳಲ್ಲಿ ಅಡಕಮಾಡಿದನು. ರಾಮಾಯಣದಲ್ಲಿ ಆಂಜನೇಯನು ಮೊದಲ ಬಾರಿ ಮಾತನಾಡಿದಾಗ ಶ್ರೀರಾಮನು ಲಕ್ಷ್ಮಣನಿಗೆ ಹೇಳುವ ಮೆಚ್ಚುಗೆಯಲ್ಲಿ, ಆ ಮಾತು ಬೆಳೆಯಲೂ ಇಲ್ಲ, ಎಳೆಯಲೂ ಇಲ್ಲ ಎಂಬುದು ಒಂದು ಮುಖ್ಯ ಗುಣವಾಗಿ ಎಣಿಕೆಗೆ ಬಂದಿದೆ. ಇದನ್ನೆಲ್ಲ ಓದಿದ ನಾವೇ ವೇದಿಕೆಯನ್ನು ಹತ್ತಿದರೆ ಒಂದು ಶ್ಲೋಕಕ್ಕೆ ಮೂರು ಶ್ಲೋಕಗಳನ್ನು ಜೊತೆಗೂಡಿಸಿ, ಪದಚ್ಛೇದ, ಅನ್ವಯ, ತಾತ್ಪರ್ಯಗಳೊಡನೆ ಬಡಿಸುವೆವು. ಇದು ಪರರ ಮೇಲಿನ ದೂರಲ್ಲ. ಈಗ ಹೇಳಲಿರುವುದು ನಮ್ಮ ಸ್ವಂತ ತಪ್ಪು.

ಬಹಳ ವರ್ಷಗಳ ಹಿಂದಿನ ಮಾತು. ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯವರು ತಮ್ಮ ವಾರ್ಷಿಕೋತ್ಸವಕ್ಕೆ ನಮ್ಮನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ಆಮಂತ್ರಣ ಪತ್ರಿಕೆಯಲ್ಲಿ ನಮ್ಮ ಹೆಸರಿನ ಮುಂದೆ 15 ನಿಮಿಷವೆಂದು ಅಚ್ಚಾಗಿಯೇ ಇತ್ತು. ಸಭೆಯು ಒಂದು ಗಂಟೆ ತಡವಾಗಿ ಆರಂಭವಾಯಿತು. ಸ್ವಾಗತ, ವರದಿ, ಬಹುಮಾನ ವಿತರಣೆಗಳು ಮುಗಿಯುವ ಹೊತ್ತಿಗೆ ರಾತ್ರಿ ಎಂಟು ಹೊಡೆದಿತ್ತು. ಆಮೇಲೆ ನಾವು ಎದ್ದೆವು. ವಿಷಯವು ವಿದ್ಯಾರ್ಥಿ ಜೀವನದಲ್ಲಿ ಶಿಸ್ತು ಎಂಬುದಾಗಿತ್ತೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸಭೆಯಲ್ಲಿ ಸುಮಾರು ಮುನ್ನೂರು ಮಂದಿ ಇದ್ದರು. ಮುಂದಿನ ಸಾಲಿನ ಹಿರಿಯರೊಬ್ಬರು ಮೊದಲನೆಯ ಶ್ಲೋಕಕ್ಕೇ ತಲೆದೂಗಿದರು. ಆ ತಲೆಯೇ ನಮ್ಮನ್ನು ಕೆಡಿಸಿತು. ನಾವು ಐವತ್ತು ನಿಮಿಷ ಮಾತನಾಡಿದೆವು.

ಕಾರ್ಯಕ್ರಮದ ಕೊನೆಯಲ್ಲಿ ಏಳನೆಯ ತರಗತಿಯ ಮಕ್ಕಳದೊಂದು ಸಣ್ಣ ನಾಟಕವಿತ್ತು, ಭಕ್ತ ಪ್ರಹ್ಲಾದ. ಪ್ರಹ್ಲಾದನ ವೇಷವನ್ನು ಹಾಕಿದ್ದವಳು ಒಬ್ಬ ಹುಡುಗಿ. ಸಂಜೆ ಐದು ಗಂಟೆಗೇ ಮುಖಕ್ಕೆ ಬಣ್ಣ ಬಳಿಸಿಕೊಂಡು, ತಲೆಗೆ ಬೇಗಡೆಯ ಕಿರೀಟವನ್ನು ಕಟ್ಟಿಕೊಂಡು ಪರದೆಯ ಮರೆಯಲ್ಲಿ ನಿಂತಿದ್ದಳಂತೆ. ಅವಳ ತಂದೆ ಬೇರೊಂದು ಊರಿನಲ್ಲಿ ತೋಟದ ಕೂಲಿ; ಆ ದಿನದ ಕೆಲಸವನ್ನು ಬಿಟ್ಟು ಮಗಳ ಪಾತ್ರವನ್ನು ನೋಡಲೆಂದು ಬಂದಿದ್ದನು. ಒಂಬತ್ತು ಗಂಟೆಗೆ ಕೊನೆಯ ಬಸ್ಸು. ನಾವು ಚಪ್ಪಾಳೆಗಳ ನಡುವೆ ಕುಳಿತುಕೊಂಡಾಗ, ಅದು ಮೆಚ್ಚುಗೆಯ ಚಪ್ಪಾಳೆಯೋ ಬಿಡುಗಡೆಯ ಚಪ್ಪಾಳೆಯೋ ಆಗ ನಮಗೆ ತಿಳಿಯಲಿಲ್ಲ, ಎಂಟು ಐವತ್ತು. ಅಗ್ರಾಸನಾಧಿಪತಿಗಳ ಮಾತು ಇನ್ನೂ ಉಳಿದಿತ್ತು. ಆ ಮನುಷ್ಯನು ವೇದಿಕೆಯ ಪಕ್ಕಕ್ಕೆ ಬಂದು ಕೈಮುಗಿದು, "ಬಸ್ಸು ಹೊಂಟೋಯ್ತದೆ ಸ್ವಾಮಿ, ನಾಳೆ ಕೆಲ್ಸ ಐತೆ" ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿ, ಮುಖದ ಬಣ್ಣವನ್ನೂ ಒರೆಸದೆ ಮಗಳನ್ನು ಕೈಹಿಡಿದು ಕರೆದುಕೊಂಡು ಹೋದನು. ಪ್ರಹ್ಲಾದನಿಲ್ಲದೆ ಪ್ರಹ್ಲಾದನ ನಾಟಕವು ನಡೆಯುವುದುಂಟೆ? ಉಳಿದ ಮಕ್ಕಳೂ ವೇಷವನ್ನು ಕಳಚಿದರು. "ಇರಲಿ ಬಿಡಿ ಸಾರ್, ಮುಂದಿನ ವರ್ಷ ಆಡಿಸಿದರಾಯಿತು" ಎಂದು ಮುಖ್ಯೋಪಾಧ್ಯಾಯರು ನಮ್ಮನ್ನು ಸಮಾಧಾನಪಡಿಸಿದರು. ಆದರೆ ಏಳನೆಯ ತರಗತಿಯೇ ಆ ಶಾಲೆಯ ಕೊನೆಯ ತರಗತಿಯಾಗಿತ್ತು.

ಆ ರಾತ್ರಿ ಮನೆಗೆ ಬಂದು ನಾವು ಒಂದು ಲೆಕ್ಕವನ್ನು ಮಾಡಿದೆವು; ಉಪಾಧ್ಯಾಯರಿಗೆ ಲೆಕ್ಕದ ಚಟವು ಬಿಡದು. ಹೆಚ್ಚಾಗಿ ಮಾತನಾಡಿದ್ದು 35 ನಿಮಿಷ. ಕೇಳಿದವರು 300 ಮಂದಿ. ಗುಣಿಸಿದರೆ 10,500 ನಿಮಿಷ, ಎಂದರೆ 175 ಗಂಟೆ, ಎಂದರೆ ಏಳು ದಿನ ಮತ್ತು ಏಳು ಗಂಟೆ. ಒಬ್ಬ ಮನುಷ್ಯನ ಏಳು ದಿನಗಳನ್ನು ನಾವು ಹೇಳದೆ ಕೇಳದೆ ತೆಗೆದುಕೊಂಡಿದ್ದೆವು. ಯಾರ ಮನೆಯಿಂದಲಾದರೂ ಏಳು ಸೇರು ಅಕ್ಕಿಯನ್ನು ಹೀಗೆ ತೆಗೆದಿದ್ದರೆ ಅದಕ್ಕೆ ಏನು ಹೆಸರಿಡುತ್ತಿದ್ದರೆಂಬುದನ್ನು ವಾಚಕರೇ ಊಹಿಸಬಹುದು.

ಮಿತಭಾಷಣದ ಮಾತು ಬಂದಾಗ ಎಲ್ಲರೂ ಅಮೆರಿಕೆಯ ಅಧ್ಯಕ್ಷ ಲಿಂಕನ್ನನನ್ನು ಉದಾಹರಿಸುವರು. 1863ನೆಯ ನವೆಂಬರ್ 19ರಂದು ಗೆಟಿಸ್‌ಬರ್ಗಿನ ರಣಭೂಮಿಯಲ್ಲಿ ಮಡಿದ ಯೋಧರ ಸ್ಮಶಾನವನ್ನು ಸಮರ್ಪಿಸುವ ಸಭೆ. ಎಡ್ವರ್ಡ್ ಎವರೆಟ್ ಎಂಬ ಪ್ರಖ್ಯಾತ ವಾಗ್ಮಿಯು ಎರಡು ಗಂಟೆ ಮಾತನಾಡಿದನು. ಬಳಿಕ ಲಿಂಕನ್ ಎದ್ದು ಸುಮಾರು 270 ಪದಗಳನ್ನು ಎರಡು ಮೂರು ನಿಮಿಷಗಳಲ್ಲಿ ಹೇಳಿ ಕುಳಿತುಕೊಂಡನು. ಲೋಕವು ನೆನಪಿಟ್ಟುಕೊಂಡದ್ದು ಎರಡನೆಯದನ್ನು. ಇದರಿಂದ ಎವರೆಟ್ಟನನ್ನು ಹಾಸ್ಯಮಾಡುವುದು ವಾಡಿಕೆಯಾಗಿದೆ. ನಮಗೆ ಇದು ಸರಿಯೆಂದು ತೋರುವುದಿಲ್ಲ. ಆ ದಿನದ ಮುಖ್ಯ ಭಾಷಣವು ಎವರೆಟ್ಟನದೇ. ದೀರ್ಘವಾಗಿ ಮಾತನಾಡಬೇಕೆಂದೇ ಅವನನ್ನು ಕರೆದಿದ್ದರು. ಅಷ್ಟನ್ನು ಕೇಳಲೆಂದೇ ಜನರು ದೂರದೂರದಿಂದ ಬಂದಿದ್ದರು. ಲಿಂಕನ್ನನಿಗಾದರೋ ಸಮಯೋಚಿತವಾದ ನಾಲ್ಕು ಮಾತುಗಳನ್ನು ಹೇಳಬೇಕೆಂದಷ್ಟೆ ಕೋರಿಕೆ. ಇಬ್ಬರೂ ತಮಗೆ ಕೊಟ್ಟ ಎಲ್ಲೆಯೊಳಗೆ ನಿಂತರು. ಮರುದಿನವೇ ಎವರೆಟ್ಟನು ಲಿಂಕನ್ನನಿಗೆ ಕಾಗದ ಬರೆದು, ತಾವು ಎರಡು ನಿಮಿಷಗಳಲ್ಲಿ ಮುಟ್ಟಿದ ತಿರುಳಿನ ಸಮೀಪಕ್ಕೆ ತಾನು ಎರಡು ಗಂಟೆಗಳಲ್ಲಿ ಬಂದಿದ್ದರೆ ಧನ್ಯನಾಗುತ್ತಿದ್ದೆನೆಂಬ ಅಭಿಪ್ರಾಯವನ್ನು ತಿಳಿಸಿದನು. ಇಂತಹ ಕಾಗದವನ್ನು ಬರೆಯಬಲ್ಲವನು ಸಾಮಾನ್ಯನಲ್ಲ.

ನಿಜವಾಗಿ ಎಚ್ಚರಿಕೆಗೆ ಹೇಳಬೇಕಾದವನು ವಿಲಿಯಂ ಹೆನ್ರಿ ಹ್ಯಾರಿಸನ್. ಈತನು 1841ನೆಯ ಮಾರ್ಚ್ 4ರಂದು ಅಮೆರಿಕೆಯ ಅಧ್ಯಕ್ಷನಾಗಿ ಅಧಿಕಾರವನ್ನು ಸ್ವೀಕರಿಸುವಾಗ, ಕೊರೆಯುವ ಚಳಿಯಲ್ಲಿ ಮೇಲಂಗಿಯನ್ನೂ ತೊಡದೆ, 8,445 ಪದಗಳ ಭಾಷಣವನ್ನು ಸುಮಾರು ಒಂದೂಮುಕ್ಕಾಲು ಗಂಟೆ ಓದಿದನು. ಈತನಿಗೆ ರೋಮಿನ ಇತಿಹಾಸದ ಹುಚ್ಚು; ಮಿತ್ರನಾದ ವೆಬ್‌ಸ್ಟರನು ಆ ಭಾಷಣವನ್ನು ತಿದ್ದುತ್ತ ಹದಿನೇಳು ಮಂದಿ ರೋಮನ್ ಅಧಿಕಾರಿಗಳನ್ನು ಕೊಂದುಬಂದೆನೆಂದು ನಗೆಯಾಡಿದನೆಂಬ ಕಥೆಯುಂಟು. ಆದರೂ ಅಷ್ಟು ಉದ್ದ ಉಳಿಯಿತು. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 4ರಂದು, ಆತನು ತೀರಿಕೊಂಡನು. ಚಳಿಯಲ್ಲಿ ಮಾಡಿದ ಭಾಷಣವೇ ಮರಣಕ್ಕೆ ಕಾರಣವೆಂದು ಜನರು ಬಹುಕಾಲ ನಂಬಿದ್ದರು. ಕಲುಷಿತವಾದ ನೀರಿನಿಂದ ಬಂದ ಜ್ವರವಿರಬೇಕೆಂದು ಈಚಿನ ವೈದ್ಯರು ತರ್ಕಿಸಿದ್ದಾರೆ. ಭಾಷಣಕ್ಕೆ ಅಷ್ಟುಮಟ್ಟಿಗೆ ಬಿಡುಗಡೆಯಾಯಿತೆನ್ನೋಣ.

ದೀರ್ಘವಾದುದೆಲ್ಲವೂ ದೋಷವೆಂದು ನಮ್ಮ ವಾದವಲ್ಲ. ಹರಿಕಥೆಗೆ ಹೋದವನು ಗಡಿಯಾರವನ್ನು ನೋಡಿದರೆ ತಪ್ಪು ಅವನದೇ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳವರ ಹೆಸರಿನಿಂದ ಪ್ರಸಿದ್ಧವಾದ ವ್ಯಾಜ್ಯವನ್ನು ಸುಪ್ರೀಂ ಕೋರ್ಟಿನ 13 ಮಂದಿ ನ್ಯಾಯಾಧೀಶರು 1972ನೆಯ ಅಕ್ಟೋಬರಿನಿಂದ 1973ನೆಯ ಮಾರ್ಚಿಯವರೆಗೆ 68 ದಿನಗಳ ಕಾಲ ಕೇಳಿದರು. ರಾಜ್ಯಾಂಗದ ಮೂಲ ಸ್ವರೂಪವನ್ನು ಪಾರ್ಲಿಮೆಂಟು ಬದಲಾಯಿಸಬಹುದೇ ಎಂಬುದು ಪ್ರಶ್ನೆ. ಅದಕ್ಕೆ ಅಷ್ಟು ದಿನಗಳು ಹೆಚ್ಚೆಂದು ಹೇಳುವವರಾರು? ಇತ್ತ ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದಲ್ಲಿ, 1819ರಲ್ಲಿ ಒಂದು ಮೊಕದ್ದಮೆಯ ವಾದವು ಒಂಬತ್ತು ದಿನ ನಡೆದುದುಂಟು. 1849ರಲ್ಲಿ ವಕೀಲನೊಬ್ಬನಿಗೆ ಎರಡು ಗಂಟೆಯೆಂದು ಕಟ್ಟುಮಾಡಿದರು. ಈಗ ಸಾಮಾನ್ಯವಾಗಿ ಪಕ್ಷವೊಂದಕ್ಕೆ ಅರ್ಧ ಗಂಟೆ. ಐದು ನಿಮಿಷ ಉಳಿದಾಗ ವಕೀಲರ ಮುಂದೆ ಬಿಳಿಯ ದೀಪವೂ ಮುಗಿದಾಗ ಕೆಂಪು ದೀಪವೂ ಹೊತ್ತುವುವು. ಎರಡು ಪದ್ಧತಿಗಳಲ್ಲಿ ಯಾವುದು ಮೇಲೆಂಬುದನ್ನು ನ್ಯಾಯಶಾಸ್ತ್ರಜ್ಞರು ಹೇಳಲಿ. ಕೇಳುವವನಿಗೆ ಮೊದಲೇ ಎಷ್ಟು ಹೊತ್ತೆಂದು ತಿಳಿದಿರಬೇಕು ಎಂಬುದಷ್ಟೇ ನಮ್ಮ ಮಾತು.

ದೀರ್ಘ ಭಾಷಣದ ಫಲವೆಷ್ಟೆಂಬುದಕ್ಕೆ ಇನ್ನೊಂದು ನಿದರ್ಶನ. 1957ನೆಯ ಜನವರಿ 23 ಮತ್ತು 24ರಂದು ಸಂಯುಕ್ತ ರಾಷ್ಟ್ರಗಳ ಭದ್ರತಾ ಮಂಡಲಿಯಲ್ಲಿ ಕಾಶ್ಮೀರದ ವಿಷಯವಾಗಿ ವಿ. ಕೆ. ಕೃಷ್ಣ ಮೆನನ್ನರು ಒಟ್ಟು ಎಂಟು ಗಂಟೆಗಳಿಗೆ ಸಮೀಪವಾಗಿ ಮಾತನಾಡಿದರು. ಸ್ವದೇಶದಲ್ಲಿ ಅವರ ಕೀರ್ತಿಯು ಮುಗಿಲುಮುಟ್ಟಿತು. ಅವರ ಪಾಂಡಿತ್ಯವೂ ದೇಶಾಭಿಮಾನವೂ ಅಸಾಧಾರಣವೇ ಸರಿ. ಆದರೆ 24ರಂದೇ ನಮಗೆ ಪ್ರತಿಕೂಲವಾದ ನಿರ್ಣಯವು ಹತ್ತು ಮತಗಳಿಂದ ಅಂಗೀಕೃತವಾಯಿತು, ರಷ್ಯದವರು ತಟಸ್ಥರಾಗಿದ್ದರು, ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಸ್ವಾಮಿ ವಿವೇಕಾನಂದರು 1893ನೆಯ ಸೆಪ್ಟೆಂಬರ್ 11ರಂದು ಷಿಕಾಗೋ ನಗರದಲ್ಲಿ ಮಾಡಿದ ಮೊದಲ ಭಾಷಣವು ಕೆಲವೇ ನಿಮಿಷಗಳದು.

ಈಗ ಮಾತು ಉದ್ದವಾಗುವುದು ಹೇಗೆಂಬುದನ್ನು ನೋಡೋಣ. ಮೊದಲನೆಯದು ಸಂಬೋಧನೆ. ವೇದಿಕೆಯ ಮೇಲೆ ಹದಿನಾಲ್ಕು ಮಂದಿ ಇದ್ದರೆ ಹದಿನಾಲ್ಕು ಹೆಸರುಗಳು, ಒಂದೊಂದಕ್ಕೂ ವಿಶೇಷಣಗಳು. ಯಾರನ್ನಾದರೂ ಬಿಟ್ಟರೆ ಅಪಚಾರವೆಂಬ ಭೀತಿ. ನಿರೂಪಕರು ಒಮ್ಮೆ ಹೇಳಿದುದನ್ನು ಸ್ವಾಗತಕಾರರು ಹೇಳಿ, ಅದನ್ನೇ ಪ್ರತಿಯೊಬ್ಬ ಭಾಷಣಕಾರನೂ ಹೇಳಿದರೆ, ವಂದನಾರ್ಪಣೆಯ ಹೊತ್ತಿಗೆ ಆ ಹೆಸರುಗಳು ಸಹಸ್ರನಾಮವಾಗಿ ನಿಲ್ಲುವುವು. "ವೇದಿಕೆಯ ಮೇಲಿರುವ ಮಾನ್ಯರೆ, ಸಭಿಕರೆ" ಎಂದರೆ ಸಾಲದೆ? ಎರಡನೆಯದಾಗಿ, ಸಿದ್ಧತೆಯಿಲ್ಲದವನೇ ಹೆಚ್ಚು ಮಾತನಾಡುವನು. ದಾರಿಯನ್ನು ತಿಳಿಯದವನೇ ಊರನ್ನೆಲ್ಲ ಸುತ್ತುವಂತೆ. ಇನ್ನು "ಕೊನೆಯದಾಗಿ ಒಂದು ಮಾತು" ಎಂಬುದು. ಇದನ್ನು ಒಂದು ಬಾರಿ ಹೇಳಿದವನನ್ನು ನಂಬಬಹುದು. ಮೂರನೆಯ ಬಾರಿ ಹೇಳಿದರೆ ಮನೆಯಲ್ಲಿ ಊಟಕ್ಕೆ ಕಾದಿರುವವರಿಗೆ ಸುದ್ದಿ ಕಳುಹಿಸುವುದೇ ಲೇಸು.

ಇದಕ್ಕೆ ಪರಿಹಾರವು ನಮಗೆ ದೊರೆತದ್ದು ಆಕಾಶವಾಣಿಯಲ್ಲಿ. ಆ ಹೆಸರು ನಮ್ಮ ಮೈಸೂರಿನದೇ. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ನಿಲಯಕ್ಕೆ ಇಟ್ಟಿದ್ದು. ನಮಗೆ ಒಂದು ನಿಲಯದಿಂದ ಹತ್ತು ನಿಮಿಷದ ಭಾಷಣಕ್ಕೆ ಕರೆ ಬಂದಿತು. ಬರೆದುಕೊಂಡು ಹೋದೆವು. ಅಲ್ಲಿದ್ದ ಅಧಿಕಾರಿಣಿಯು ಓದಲು ಹೇಳಿ ಗಡಿಯಾರವನ್ನು ಹಿಡಿದರು, ಹದಿನೇಳು ನಿಮಿಷಗಳಾದುವು. ಆ ತಾಯಿಯು ಕೆಂಪು ಪೆನ್ಸಿಲನ್ನು ತೆಗೆದುಕೊಂಡು ಎರಡು ಶ್ಲೋಕಗಳನ್ನೂ ಒಂದು ಉಪಕಥೆಯನ್ನೂ ಪೀಠಿಕೆಯನ್ನೂ ಹೊಡೆದುಹಾಕಿದರು. ನಮ್ಮ ಬೆರಳುಗಳನ್ನು ಕತ್ತರಿಸಿದಂತಾಯಿತು. ವಾರದ ಮೇಲೆ ಅದು ಪ್ರಸಾರವಾದಾಗ ಮನೆಯಲ್ಲಿ ಕುಳಿತು ಕೇಳಿದೆವು. ಏನು ಬಿಟ್ಟುಹೋಗಿದೆಯೆಂಬುದು ನಮಗೇ ಗೊತ್ತಾಗಲಿಲ್ಲ.

ಅಂದಿನಿಂದ ಯಾವ ಸಭೆಗೆ ಹೋಗಬೇಕಾದರೂ ಹಿಂದಿನ ದಿನ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಗಟ್ಟಿಯಾಗಿ ಒಮ್ಮೆ ಮಾತನಾಡಿ ನೋಡುತ್ತೇವೆ. ಮನಸ್ಸಿನಲ್ಲಿಯೇ ಹೇಳಿಕೊಂಡರೆ ಲೆಕ್ಕವು ಸಿಕ್ಕದು. ಮನಸ್ಸಿನ ಮಾತಿಗೆ ಉಸಿರಿನ ಖರ್ಚಿಲ್ಲ. ಹತ್ತು ನಿಮಿಷ ಕೊಟ್ಟಿದ್ದರೆ ಎಂಟಕ್ಕೆ ಸಿದ್ಧಪಡಿಸುತ್ತೇವೆ, ಯಾಕಂದರೆ ಸಭೆಯಲ್ಲಿ ಮಾತು ತಾನಾಗಿಯೇ ಉಬ್ಬುವುದು. ಮುಗಿಸುವ ವಾಕ್ಯವನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇವೆ. ನಡುವಿನ ಎರಡು ಭಾಗಗಳಿಗೆ ಗುರುತು ಹಾಕಿರುತ್ತೇವೆ. ಹೊತ್ತು ಮೀರಿದರೆ ಅವನ್ನು ಬಿಟ್ಟು ದಾಟಬಹುದು. ಓಡಿಸಿ ಓಡಿಸಿ ಹೇಳುವುದಕ್ಕಿಂತ ಬಿಡುವುದೇ ಮರ್ಯಾದೆ. ಮೊದಲ ಬಾರಿ ಹೀಗೆ ಅಭ್ಯಾಸ ಮಾಡಿದಾಗ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ನಮ್ಮ ಮನೆಯವರು ತಲೆಯೆತ್ತದೆಯೇ, "ಒಂದೇ ವಿಷಯಾನ ನಾಲ್ಕು ಸಲ ಹೇಳಿದಿರಿ. ಕೇಳೋರು ದಡ್ಡರು ಅಂತ ಯಾಕ್ರೀ ಅಂದ್ಕೋತೀರಿ?" ಎಂದರು. ಪಾಣಿನಿಯು ಕೂಡ ಇಷ್ಟು ಲಾಘವದಿಂದ ಹೇಳುತ್ತಿದ್ದನೋ ಇಲ್ಲವೋ.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದವರು 2008ರಲ್ಲಿ ಒಂದು ಸ್ಪರ್ಧೆಯನ್ನು ಆರಂಭಿಸಿದರು. ಎಂಬತ್ತು ಸಾವಿರ ಪದಗಳ ಸಂಶೋಧನ ಪ್ರಬಂಧವನ್ನು ಬರೆಯುತ್ತಿರುವ ವಿದ್ಯಾರ್ಥಿಯು ಅದರ ಸಾರವನ್ನು ಮೂರೇ ನಿಮಿಷಗಳಲ್ಲಿ ಎಲ್ಲರಿಗೂ ತಿಳಿಯುವಂತೆ ಹೇಳಬೇಕು. ಆಗ ಅಲ್ಲಿ ಭಾರಿ ಬರಗಾಲ. ನೀರನ್ನು ಉಳಿಸಲೆಂದು ಜನರು ಸ್ನಾನದ ಮನೆಯಲ್ಲಿ ಮೂರು ನಿಮಿಷದ ಮರಳುಗಡಿಯಾರವನ್ನು ಇಟ್ಟುಕೊಂಡಿದ್ದರು. ಅದನ್ನು ಕಂಡೇ ಈ ಯೋಚನೆ ಹೊಳೆಯಿತಂತೆ. ಆಥೆನ್ಸಿನಲ್ಲಿ ನೀರು ಮಾತನ್ನು ಅಳೆಯಿತು. ಇಲ್ಲಿ ನೀರಿನ ಕೊರತೆಯು ಅಳೆಯಿತು. ನಮ್ಮ ಪ್ರೌಢಶಾಲೆಗಳಲ್ಲಿ ಈ ಆಟವನ್ನು ಆಡಿಸಿದರೆ ಮಕ್ಕಳಿಗೆ ಉಪಕಾರವಾದೀತು. ಉಪಾಧ್ಯಾಯರಿಗೂ.

ಭಾಷಣಕಾರನೊಬ್ಬನನ್ನೇ ದೂರುವುದೂ ನ್ಯಾಯವಲ್ಲ. ಅಗ್ರಾಸನದಲ್ಲಿ ಕುಳಿತವರು ಗಡಿಯಾರದ ಯಜಮಾನರು. ಚೀಟಿಯನ್ನು ಕಳುಹಿಸುವುದು ನಮ್ಮಲ್ಲಿಯ ಪದ್ಧತಿ. ಅದನ್ನು ಓದಿ, ನಕ್ಕು, ನೀರಿನ ಲೋಟದ ಕೆಳಗಿಟ್ಟು ಮುಂದುವರಿಸಿದವರನ್ನು ಬಲ್ಲೆವು. ಎರಡನೆಯ ಚೀಟಿಯನ್ನು ಸಭೆಗೆ ಓದಿಹೇಳಿ, "ನಿಮಗೆ ಬೇಸರವಾಗಿದೆಯೆ?" ಎಂದು ಕೇಳಿದ ಮಹನೀಯರೂ ಉಂಟು, ದಾಕ್ಷಿಣ್ಯಕ್ಕೆ "ಇಲ್ಲ" ಎಂದ ಸಭೆಯು ಇನ್ನೂ ಅರ್ಧ ಗಂಟೆ ದಂಡ ತೆತ್ತಿತು. ನಮ್ಮ ಅಭಿಪ್ರಾಯದಲ್ಲಿ ಚೀಟಿಗಿಂತ ಒಂದು ಪುಟ್ಟ ಗಂಟೆ ಮೇಲು, ಅದಕ್ಕಿಂತ ಮೇಲಾದುದು ಭಾಷಣಕ್ಕೆ ಮುಂಚೆ ಹೇಳುವ ಒಂದು ಮಾತು: "ತಮ್ಮ ಬಳಿಕ ಮಕ್ಕಳ ಕಾರ್ಯಕ್ರಮವಿದೆ." ಇರುಳೆಲ್ಲ ನಡೆಯುತ್ತಿದ್ದ ಯಕ್ಷಗಾನದ ಆಟವೇ ಈಗ ಹಲವೆಡೆ ಕಾಲಮಿತಿಗೆ ಒಗ್ಗಿಕೊಂಡಿದೆ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಬಳಸಬಾರದೆಂದು 2000ದಲ್ಲಿ ನಿಯಮವೇ ಬಂದಿದೆ. ಭಾಗವತರಿಗೆ ಸಾಧ್ಯವಾದುದು ಅತಿಥಿಗಳಿಗೆ ಅಸಾಧ್ಯವೆ?

ಕಳೆದ ವರ್ಷ ಇನ್ನೊಂದು ಹಳ್ಳಿಯ ಶಾಲೆಯವರು ನಮ್ಮನ್ನು ಕರೆದಿದ್ದರು. ಹತ್ತು ನಿಮಿಷವೆಂದು ಗೊತ್ತುಮಾಡಿದ್ದರು. ಸಭೆಯು ಎಂದಿನಂತೆ ತಡವಾಯಿತು; ನಮಗಿಂತ ಮೊದಲು ಮಾತನಾಡಿದವರು ನಮ್ಮ ಪಾಲನ್ನೂ ಸೇರಿಸಿಯೇ ಮಾತನಾಡಿದರು. ಪರದೆಯ ಸಂದಿಯಿಂದ ಬಣ್ಣ ಬಳಿದ ಒಂದು ಪುಟ್ಟ ಮುಖವು ಇಣುಕಿ ನೋಡುತ್ತಿತ್ತು. ನಾವು ಎದ್ದು, ಗುರುತು ಹಾಕಿದ್ದ ಎರಡು ಭಾಗಗಳನ್ನೂ ಬಿಟ್ಟು, ಇನ್ನೊಂದನ್ನೂ ಬಿಟ್ಟು, ಮೂರು ನಿಮಿಷ ಮಾತನಾಡಿ ಕುಳಿತುಕೊಂಡೆವು. ಮುಖ್ಯೋಪಾಧ್ಯಾಯಿನಿಯವರು ಗಾಬರಿಯಿಂದ, "ಸಾರ್, ಮೈಯಲ್ಲಿ ಹುಷಾರಿಲ್ಲವೆ?" ಎಂದು ಕಿವಿಯಲ್ಲಿ ಕೇಳಿದರು. ಪರದೆಯು ಸರಿಯಿತು, ಕೋಲಾಟದ ಮಕ್ಕಳು ಬಂದರು. ಅವರು ಕುಣಿದು ಮುಗಿಸಿ ವೇಷವನ್ನು ಕಳಚುವಾಗ ಕೊನೆಯ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷಗಳಿದ್ದುವು.